ಯಾರು ಜಾಮೀನು?

ಬೆಳಗಿನ ಪತ್ರಿಕೆಯ ಒಳಪುಟಗಳಲ್ಲಿ ಒಂದು ಪದ ಸಿಗದ ದಿನವಿಲ್ಲ. ಷರತ್ತುಬದ್ಧ ಜಾಮೀನು, ನಿರೀಕ್ಷಣಾ ಜಾಮೀನು, ಮಧ್ಯಂತರ ಜಾಮೀನು, ಜಾಮೀನು ಅರ್ಜಿ ವಜಾ. ಮಳೆಯ ಸುದ್ದಿ, ಚಿನ್ನದ ದರದಷ್ಟೇ ಅದೂ ನಮಗೆ ರೂಢಿಯಾಗಿಬಿಟ್ಟಿದೆ. ‘ಬಿಟ್ಟೇಬಿಟ್ರು ನೋಡಿ’ ಎಂದೋ ‘ದುಡ್ಡಿದ್ದೋರಿಗೆ ಏನಾಗುತ್ತೆ’ ಎಂದೋ ಕಾಫಿ ಆರುವುದರೊಳಗೆ ನಮ್ಮ ತೀರ್ಪನ್ನೂ ಕೊಟ್ಟು ಮುಂದಿನ ಪುಟಕ್ಕೆ ಹೋಗುತ್ತೇವೆ. ಇವತ್ತು ಆ ಪದದ ಹತ್ತಿರ ಸ್ವಲ್ಪ ಹೊತ್ತು ಕೂರೋಣ ಅನ್ನಿಸಿತು.

ಜಾಮೀನು ಸಿಕ್ಕಿತೆಂದರೆ ಕೇಸು ಮುಗಿಯಿತೆಂದು ಅರ್ಥವಲ್ಲ. ದುಡ್ಡು ಕಟ್ಟಿ ಹೊರಬಂದರು ಎಂದು ಜನ ಆಡುವುದೂ ಹೆಚ್ಚಿನ ಪಾಲು ಸರಿಯಲ್ಲ. ‘ಒಂದು ಲಕ್ಷ ರೂಪಾಯಿ ಬಾಂಡ್, ಇಬ್ಬರು ಶ್ಯೂರಿಟಿ’ ಎಂದು ನಮ್ಮ ಕೋರ್ಟು ಆದೇಶಿಸಿದರೆ ಆ ಲಕ್ಷವನ್ನು ಆ ದಿನ ಯಾರೂ ಎಣಿಸಿಕೊಡಬೇಕಿಲ್ಲ. ಆರೋಪಿ ಕರೆದ ದಿನ ಬಾರದೆ ತಪ್ಪಿಸಿಕೊಂಡರೆ ಅಷ್ಟು ಹಣ ತೆರುತ್ತೇವೆಂದು ಬರೆದುಕೊಡಬೇಕು, ಅಷ್ಟೆ. ಆರೋಪಿಯೂ ಬರೆದುಕೊಡುತ್ತಾನೆ, ಅವನ ಪರವಾಗಿ ನಿಂತ ಇಬ್ಬರೂ ಬರೆದುಕೊಡುತ್ತಾರೆ. 1973ರ ದಂಡ ಪ್ರಕ್ರಿಯಾ ಸಂಹಿತೆ ಯಾವ ಅಪರಾಧಕ್ಕೆ ಜಾಮೀನು ಹಕ್ಕು, ಯಾವುದಕ್ಕೆ ನ್ಯಾಯಾಧೀಶರ ವಿವೇಚನೆ ಎಂದೆಲ್ಲ ಪುಟಗಟ್ಟಲೆ ಹೇಳಿತು, ಆದರೆ ಜಾಮೀನು ಎಂದರೇನು ಎಂದು ಮಾತ್ರ ಹೇಳಲಿಲ್ಲ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೇ ಅದಕ್ಕೊಂದು ವ್ಯಾಖ್ಯೆ ಸಿಕ್ಕಿದ್ದು. ಐವತ್ತು ವರ್ಷ ದೇಶದ ಕೋರ್ಟುಗಳು ವ್ಯಾಖ್ಯೆಯಿಲ್ಲದೆಯೇ ಈ ಕೆಲಸ ನಡೆಸಿದವು. ಎಲ್ಲರಿಗೂ ಗೊತ್ತಿರುವುದನ್ನು ಯಾರು ಬರೆದಿಡುತ್ತಾರೆ!

ಪದ ಬಂದದ್ದು ದೂರದಿಂದ. ಅರಬ್ಬಿಯ ‘ಜಾಮಿನ್’ ಪಾರಸಿಯ ಬಾಯಿಂದ ದಖ್ಖನಿನ ಸುಲ್ತಾನರ, ಮರಾಠರ, ಹೈದರ್–ಟಿಪ್ಪುವಿನ ಕಾಲದ ಕಚೇರಿಗಳನ್ನು ಹಾದು ನಮ್ಮ ನಾಲಗೆಗೆ ಇಳಿಯಿತು. ವಕೀಲ, ಅರ್ಜಿ, ದಾವೆ, ಫಿರ್ಯಾದಿ, ಅಮೀನ, ಜಪ್ತಿ, ವಜಾ, ತಕರಾರು ಎಲ್ಲವೂ ಬಂದದ್ದು ಅದೇ ದಾರಿಯಲ್ಲಿ. ಆಮೇಲೆ ಇಂಗ್ಲಿಷರು ಬಂದು ಕಾನೂನಿನ ಪುಸ್ತಕಗಳನ್ನೆಲ್ಲ ಬದಲಿಸಿದರು. ಆದರೆ ಕೋರ್ಟಿನ ಜಗಲಿಯ ಮಾತನ್ನು ಬದಲಿಸಲು ಅವರಿಂದಲೂ ಆಗಲಿಲ್ಲ.

ಅರಬ್ಬಿಯಲ್ಲಿ ‘ಜಾಮಿನ್’ ಎಂದರೆ ಒಬ್ಬ ಮನುಷ್ಯ. ಇನ್ನೊಬ್ಬನ ಭಾರವನ್ನು ತನ್ನ ಮೇಲೆ ತೆಗೆದುಕೊಂಡವನು. ಹಿಂದಿ, ಉರ್ದುವಿನವರು ಇಂದಿಗೂ ಆ ಮನುಷ್ಯನನ್ನು ‘ಜಾಮಿನ್’ ಎನ್ನುತ್ತಾರೆ, ಕೋರ್ಟು ಕೊಡುವ ಬಿಡುಗಡೆಗೆ ‘ಜಮಾನತ್’ ಎಂಬ ಬೇರೆ ಪದ ಇಟ್ಟುಕೊಂಡಿದ್ದಾರೆ. ಕನ್ನಡದಲ್ಲಿ ಮನುಷ್ಯನ ಹೆಸರೇ ಬಿಡುಗಡೆಯ ಹೆಸರೂ ಆಯಿತು. ಆಮೇಲೆ ಮನುಷ್ಯನನ್ನು ಕರೆಯಲು ಪದ ಬೇಕಾಗಿ ‘ದಾರ’ ಎಂಬ ಬಾಲ ಅಂಟಿಸಿ ‘ಜಾಮೀನುದಾರ’ ಎಂದು ಮಾಡಿಕೊಂಡೆವು. ಹಳ್ಳಿಯ ಕಡೆ ಮಾತ್ರ ಹಳೆಯ ಬಳಕೆ ಇನ್ನೂ ಪೂರ್ತಿ ಹೋಗಿಲ್ಲ. ‘ಅವನಿಗೆ ನಾನೇ ಜಾಮೀನು’ ಎನ್ನುತ್ತಾರೆ. ಸಾಲ ಕೇಳಲು ಹೋದರೆ ‘ಯಾರು ಜಾಮೀನು?’ ಎಂದು ಕೇಳುತ್ತಾರೆ. ‘ಏನು ಜಾಮೀನು’ ಎಂದು ಕೇಳುವುದಿಲ್ಲ.

ಇಂಗ್ಲಿಷಿನ ‘ಬೇಲ್’ ಕೂಡ ಹೀಗೆಯೇ ಮನುಷ್ಯನಿಂದ ಹುಟ್ಟಿದ ಪದ. ಹಳೆಯ ಫ್ರೆಂಚಿನಲ್ಲಿ ಅದರ ಮೂಲಕ್ಕೆ ‘ಒಪ್ಪಿಸಿಕೊಡು’ ಎಂಬ ಅರ್ಥ, ಅದಕ್ಕೂ ಹಿಂದೆ ಲ್ಯಾಟಿನ್ನಿಗೆ ಹೋದರೆ ಹೊರೆ ಹೊರುವ ಕೂಲಿಯಾಳು ಎದುರಾಗುತ್ತಾನೆ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಆರೋಪಿಯನ್ನು ಸೆರೆಮನೆಯಿಂದ ತೆಗೆದು ಅವನ ಪರವಾಗಿ ನಿಂತವರ ಕೈಗೆ ಒಪ್ಪಿಸುತ್ತಿದ್ದರು. ಅವನನ್ನು ಕಾಯುವುದು ಅವರ ಕೆಲಸ, ಅವನು ಕೈತಪ್ಪಿದರೆ ಉತ್ತರ ಹೇಳುವುದೂ ಅವರದೇ ಕರ್ಮ.

ಹಾಗಾದರೆ ಈ ಪಾರಸಿ ಪದ ಬರುವ ಮೊದಲು ನಮ್ಮವರು ಏನೆನ್ನುತ್ತಿದ್ದರು? ಹೊಣೆ. ಹಳಗನ್ನಡದಲ್ಲಿ ಪೊಣೆ. ಇಂದು ‘ಹೊಣೆ’ ಎಂದರೆ ಮಂತ್ರಿಗಳು ರಾಜೀನಾಮೆ ಕೊಡುವಾಗ ಹೊರುವ ನೈತಿಕ ವಸ್ತು, ಅಥವಾ ಅಧಿಕಾರಿಗಳು ಒಬ್ಬರಿಂದೊಬ್ಬರಿಗೆ ದಾಟಿಸುವ ಚೆಂಡು. ಆ ಪದದ ಹಳೆಯ ಅರ್ಥ ಇಷ್ಟು ತೆಳುವಾಗಿರಲಿಲ್ಲ. ಹೊಣೆಯಾಗುವುದು ಎಂದರೆ ಇನ್ನೊಬ್ಬರ ಸಾಲಕ್ಕೆ, ಇನ್ನೊಬ್ಬರ ಹಾಜರಿಗೆ ತನ್ನನ್ನು ಒತ್ತೆಯಿಡುವುದು. ನೆರೆಯ ತಮಿಳರು ಇಂದಿಗೂ ಜಾಮೀನಿಗೆ ‘ಪಿಣೈ’ ಎನ್ನುತ್ತಾರೆ. ಕಟ್ಟು, ಬಿಗಿ ಎಂಬ ಅರ್ಥವೂ ಅದಕ್ಕಿದೆ, ನಮ್ಮ ಬುಟ್ಟಿ ಹೆಣೆಯುವ ‘ಹೆಣೆ’ ಅದರ ಒಡಹುಟ್ಟು. ಬಿಡುಗಡೆಯ ಕಾಗದಕ್ಕೆ ಕಟ್ಟುವ ಕ್ರಿಯೆಯ ಹೆಸರು! ಒಬ್ಬ ಬಿಡಿಸಿಕೊಳ್ಳಬೇಕಾದರೆ ಇನ್ನೊಬ್ಬ ಕಟ್ಟಿಸಿಕೊಳ್ಳಬೇಕು ಎಂಬ ಲೆಕ್ಕವನ್ನು ಆ ಪದ ಮುಚ್ಚಿಡಲಿಲ್ಲ.

ಇದನ್ನು ಕೂಲಂಕಷವಾಗಿ ಯೋಚಿಸಿದವರಲ್ಲಿ ಒಬ್ಬರು ನಮ್ಮ ನೆಲದವರೇ. ಆರನೆಯ ವಿಕ್ರಮಾದಿತ್ಯ ಕಲ್ಯಾಣದಲ್ಲಿ ಆಳುತ್ತಿದ್ದಾಗ, ಅಂದರೆ 1076ರಿಂದ 1126ರ ನಡುವೆ, ಅದೇ ಊರಿನಲ್ಲಿ ಕುಳಿತು ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದ. ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣವೇ ಆ ಊರು. ಹಿಂದೂ ಆಸ್ತಿ ವಿಭಾಗದ ಕೇಸುಗಳಿಂದಾಗಿ ಮಿತಾಕ್ಷರಾದ ಹೆಸರು ವಕೀಲರಿಗೆಲ್ಲ ಗೊತ್ತು. ಹೊಣೆಗಾರನ ಬಗ್ಗೆ ಅದರಲ್ಲಿರುವ ಚರ್ಚೆಯನ್ನು ಓದುವವರು ಕಡಿಮೆ. ಸಂಸ್ಕೃತದಲ್ಲಿ ಹೊಣೆಗಾರನಿಗೆ ‘ಪ್ರತಿಭೂ’ ಎಂದು ಹೆಸರು, ಮತ್ತೊಬ್ಬನ ಸ್ಥಾನದಲ್ಲಿ ತಾನಾಗುವವನು. ಯಾಜ್ಞವಲ್ಕ್ಯ ಹೇಳುವ ಹೊಣೆ ಮೂರು ಬಗೆ. ಬೇಕಾದಾಗ ಈ ಮನುಷ್ಯನನ್ನು ತಂದು ತೋರಿಸುತ್ತೇನೆ ಎನ್ನುವುದು ದರ್ಶನದ ಹೊಣೆ. ನನ್ನ ಮಾತು ನಂಬಿ ಇವನಿಗೆ ಕೊಡು, ಮೋಸ ಮಾಡುವವನಲ್ಲ ಎನ್ನುವುದು ಪ್ರತ್ಯಯದ ಹೊಣೆ. ಇವನು ಕೊಡದಿದ್ದರೆ ನಾನು ಕೊಡುತ್ತೇನೆ ಎನ್ನುವುದು ದಾನದ ಹೊಣೆ. ಎರಡನೆಯದನ್ನು ವಿವರಿಸುವಾಗ ವಿಜ್ಞಾನೇಶ್ವರ ಒಂದು ಲೋಕಾನುಭವದ ಮಾತು ಸೇರಿಸುತ್ತಾನೆ. ಇವನು ಇಂಥವರ ಮಗ, ಇವನಿಗೆ ಫಲವತ್ತಾದ ಭೂಮಿಯಿದೆ ಎಂದೆಲ್ಲ ಹೊಣೆಗಾರ ಹೇಳುತ್ತಾನಂತೆ. ಸೊಸೈಟಿ ಸಾಲಕ್ಕೆ ಸಹಿ ಹಾಕಲು ಹೋದವರು ಇಂದಿಗೂ ಹೇಳುವುದು ಇದನ್ನೇ. ‘ಒಳ್ಳೆ ಮನೆತನ ಸಾರ್, ನೀರಾವರಿ ಜಮೀನಿದೆ.’

ಈಗಿನ ಕ್ರಿಮಿನಲ್ ಕೋರ್ಟಿನ ಜಾಮೀನುದಾರ ಈ ಮೂವರಲ್ಲಿ ಮೊದಲನೆಯವನ ವಂಶದವನು. ತಂದು ತೋರಿಸುತ್ತೇನೆ ಎಂದು ನಿಂತವನು. ಹಣ ಎಂಬುದು ಆ ಮಾತಿನ ಹಿಂದೆ ಇಟ್ಟ ಭಾರ, ಅಷ್ಟೆ. ಒಂದು ಸಾಮ್ಯವಂತೂ ನನ್ನನ್ನು ಬೆರಗಾಗಿಸಿದೆ. ದರ್ಶನಕ್ಕೆ ಹೊಣೆ ನಿಂತವನು ಸತ್ತರೆ ಅವನ ಮಕ್ಕಳು ಅದನ್ನು ತೀರಿಸಬೇಕಿಲ್ಲ, ಹಣ ಕೊಡುತ್ತೇನೆಂದು ಹೊಣೆಯಾದವನ ಮಕ್ಕಳು ಮಾತ್ರ ತೀರಿಸಬೇಕು ಎಂದು ಸ್ಮೃತಿ ಹೇಳುತ್ತದೆ. ಇಂದಿನ ಸಂಹಿತೆಯೂ ಬಾಂಡ್ ಮುಟ್ಟುಗೋಲಾಗುವ ಮೊದಲೇ ಜಾಮೀನುದಾರ ತೀರಿಕೊಂಡರೆ ಅವನ ಆಸ್ತಿಗೆ ಯಾವ ಬಾಧ್ಯತೆಯೂ ಇಲ್ಲ ಎನ್ನುತ್ತದೆ. ಇಂಗ್ಲಿಷರಿಂದ ಬಂದ ಕಾನೂನು, ಕಲ್ಯಾಣದಲ್ಲಿ ಬರೆದ ವ್ಯಾಖ್ಯಾನ. ಒಂದನ್ನೊಂದು ನೋಡಿ ಬರೆದವಲ್ಲ. ಒಬ್ಬನನ್ನು ಕರೆತರುತ್ತೇನೆ ಎಂಬ ಮಾತನ್ನು ಬದುಕಿರುವವನೇ ನಡೆಸಬೇಕು, ಅದನ್ನು ಮಕ್ಕಳಿಗೆ ಪಾಲು ಹಂಚಲಾಗದು ಎಂದು ಎರಡು ಕಡೆಯೂ ಹೊಳೆದಿದೆ.

ಅದೇ ಮಿತಾಕ್ಷರಾದಲ್ಲಿ ಇನ್ನೊಂದು ವಿಷಯವಿದೆ, ಓದಿದಾಗ ಮನಸ್ಸು ಮುದುಡಿತು. ವ್ಯಾಜ್ಯದಲ್ಲಿ ವಾದಿ, ಪ್ರತಿವಾದಿ ಇಬ್ಬರಿಂದಲೂ ಹೊಣೆಗಾರರನ್ನು ಪಡೆಯಬೇಕು ಎಂಬುದು ಯಾಜ್ಞವಲ್ಕ್ಯನ ನಿಯಮ. ದೂರು ಕೊಟ್ಟವನಿಗೂ ವಿನಾಯಿತಿಯಿಲ್ಲ. ಸರಿ. ಹೊಣೆ ನಿಲ್ಲಲು ಯಾರೂ ಇಲ್ಲದವನ ಗತಿ? ಅದಕ್ಕೆ ವಿಜ್ಞಾನೇಶ್ವರ ಇನ್ನೊಬ್ಬ ಸ್ಮೃತಿಕಾರ ಕಾತ್ಯಾಯನನ ಮಾತನ್ನು ತರುತ್ತಾನೆ. ಅಂಥವನನ್ನು ಕಾವಲಿನಲ್ಲಿ ಇಡಬೇಕು. ದಿನದ ಕೊನೆಗೆ ಕಾವಲುಗಾರನ ಕೂಲಿಯನ್ನು ಅವನೇ ಕೊಡಬೇಕು.

ಜನವಿಲ್ಲದವನು ಸೆರೆಗೆ ಹೋಗಬೇಕು, ಸೆರೆಯ ಖರ್ಚನ್ನೂ ತಾನೇ ಹೊರಬೇಕು. ಕಾವಲುಗಾರನ ಕೂಲಿಯನ್ನು ಇಂದು ಸರ್ಕಾರ ಕೊಡುತ್ತದೆ. ಮೊದಲರ್ಧ ಎಷ್ಟು ಬದಲಾಗಿದೆ?

1978ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಮೋತಿರಾಮ್ ಎಂಬ ಗಾರೆ ಕೆಲಸದವನ ಅರ್ಜಿ ಬಂತು. ಮಧ್ಯಪ್ರದೇಶದವನು. ಅವನನ್ನು ಜಾಮೀನಿನ ಮೇಲೆ ಬಿಡಬಹುದೆಂದು ಸುಪ್ರೀಂ ಕೋರ್ಟೇ ಆಗಲೇ ಹೇಳಿತ್ತು. ಆದರೂ ಅವನು ಹೊರಬಂದಿರಲಿಲ್ಲ. ಕೆಳಗಿನ ಮ್ಯಾಜಿಸ್ಟ್ರೇಟರು ಹತ್ತು ಸಾವಿರ ರೂಪಾಯಿಯ ಶ್ಯೂರಿಟಿ ಕೇಳಿದ್ದರು. ಅವನ ತಮ್ಮನೋ ಅಣ್ಣನೋ ಮುಂದೆ ಬಂದರೆ, ಆತನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ತಿರಸ್ಕರಿಸಿದ್ದರು. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರಿಗೆ ಸಿಟ್ಟು ಬಂತು. ಅವರ ಸಿಟ್ಟಿಗೆ ಅಲಂಕಾರ ಜಾಸ್ತಿ, ಆದರೆ ಗುರಿ ತಪ್ಪುತ್ತಿರಲಿಲ್ಲ. ಒಬ್ಬ ಮಲಯಾಳಿಯೋ ಕನ್ನಡಿಗನೋ ಬಸ್ತಾರಿನಲ್ಲಿ, ಪೋರ್ಟ್ ಬ್ಲೇರಿನಲ್ಲಿ, ಚಾಂದನಿ ಚೌಕದಲ್ಲಿ ಬಂಧನಕ್ಕೆ ಒಳಗಾದರೆ ಆ ಊರಿನಲ್ಲಿ ಆಸ್ತಿಯುಳ್ಳ ಹೊಣೆಗಾರನನ್ನು ಎಲ್ಲಿಂದ ತರಬೇಕು ಎಂದು ಕೇಳಿದರು. ಕೊನೆಗೆ ಒಂದು ಸಾವಿರ ರೂಪಾಯಿಯ ಸ್ವಂತ ಬಾಂಡ್ ಬರೆಸಿಕೊಂಡು ಅವನನ್ನು ಬಿಡಲು ಆದೇಶಿಸಿದರು.

ಮರುವರ್ಷ, 1979ರ ಜನವರಿಯಲ್ಲಿ, ಬಿಹಾರದ ಜೈಲುಗಳ ವಿಚಾರಣಾಧೀನ ಕೈದಿಗಳ ಬಗ್ಗೆ ಪತ್ರಿಕಾ ವರದಿಗಳು ಬಂದವು. ವಕೀಲೆ ಕಪಿಲಾ ಹಿಂಗೋರಾಣಿ ಅವನ್ನು ಹಿಡಿದು ಸುಪ್ರೀಂ ಕೋರ್ಟಿಗೆ ಹೋದರು. ಹುಸೈನಾರಾ ಖಾತೂನ್ ಪ್ರಕರಣವೆಂದು ಅದು ಪ್ರಸಿದ್ಧ. ತಪ್ಪು ರುಜುವಾತಾಗಿದ್ದರೂ ಅನುಭವಿಸಬೇಕಾದ ಶಿಕ್ಷೆಗಿಂತ ಹೆಚ್ಚು ಕಾಲ ವಿಚಾರಣೆಯೇ ಇಲ್ಲದೆ ಒಳಗಿದ್ದವರು ಅಲ್ಲಿದ್ದರು. ಅವರಲ್ಲಿ ಎಷ್ಟೋ ಜನಕ್ಕೆ ಕಾನೂನಿನ ಪ್ರಕಾರ ಜಾಮೀನು ಸಿಗಬಹುದಿತ್ತು. ಬಾಗಿಲು ತೆರೆದಿದ್ದರೂ ಕೈಹಿಡಿದು ಹೊರಗೆ ಕರೆದೊಯ್ಯುವವರಿರಲಿಲ್ಲ. ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರ ಪೀಠ ಅಂಥವರನ್ನು ಅವರವರ ಸ್ವಂತ ಬಾಂಡಿನ ಮೇಲೆ ಬಿಡಿಸಿತು. ಊರಲ್ಲಿ ಬೇರಿರುವವನು ಓಡಿಹೋಗುವುದಿಲ್ಲ, ಮನೆ, ಸಂಸಾರ, ಕೆಲಸಗಳೇ ಅವನನ್ನು ಹಿಡಿದಿಡುತ್ತವೆ ಎಂಬ ನಂಬಿಕೆ ಆ ತೀರ್ಪಿನ ಹಿಂದಿತ್ತು.

ಸ್ವಂತ ಬಾಂಡಿಗೆ ನಮ್ಮಲ್ಲಿ ‘ಮುಚ್ಚಳಿಕೆ’ ಎನ್ನುತ್ತಾರೆ. ಕೇಳಿದರೆ ಅಚ್ಚಗನ್ನಡದಂತೆ, ಏನನ್ನೋ ಮುಚ್ಚಿಟ್ಟಂತೆ ಕೇಳಿಸುತ್ತದೆ. ತುರ್ಕಿ ಪದ ಅದು, ನಮ್ಮ ಮುಚ್ಚಳಕ್ಕೂ ಅದಕ್ಕೂ ನೆಂಟಸ್ತಿಕೆಯಿಲ್ಲ. ಮುಚ್ಚಳಿಕೆಯ ಮೇಲೆ ಬಿಡುಗಡೆಯಾದವರಲ್ಲಿ ಕನ್ನಡ ಮಕ್ಕಳಿಗೆಲ್ಲ ಗೊತ್ತಿರುವ ಹೆಸರು ಪುಣ್ಯಕೋಟಿಯದು. ಹುಲಿ ಅವಳನ್ನು ಬಿಟ್ಟದ್ದು ಅವಳ ಮಾತಿನ ಮೇಲೆ. ಹೊಣೆಗಾರರನ್ನು ಕೇಳಲಿಲ್ಲ, ಆಸ್ತಿಯ ಕಾಗದ ಕೇಳಲಿಲ್ಲ. ಆದರೆ ಗೋವಿನ ಹಾಡನ್ನು ದೊಡ್ಡವನಾದ ಮೇಲೆ ಓದುವಾಗ ನನ್ನ ಗಮನ ಅವಳು ಮರಳಿ ಬರುವುದಕ್ಕಿಂತ ದೊಡ್ಡಿಯಲ್ಲಿ ಅವಳು ಮಾಡುವ ಕೆಲಸದ ಮೇಲೆ ನಿಲ್ಲುತ್ತದೆ. ತನ್ನ ಮಾತಿಗೆ ತಾನೇ ಹೊಣೆಯಾದವಳು, ಕರುವಿನ ಬಾಳಿಗೆ ಮಾತ್ರ ಅಕ್ಕತಂಗಿಯರನ್ನು ಹೊಣೆ ಮಾಡಿ ಬರುತ್ತಾಳೆ. ಎಷ್ಟೇ ಸತ್ಯವಂತೆಯಾದರೂ ಒಂದು ಕಡೆ ಇನ್ನೊಬ್ಬರು ನಿಲ್ಲಲೇಬೇಕಾಯಿತು.

ಹಾಗೆ ನಿಲ್ಲುವವರನ್ನು ನೋಡಬೇಕೆಂದರೆ ತಾಲ್ಲೂಕು ಕೋರ್ಟಿಗೆ ಹೋಗಬೇಕು. ಜಾಮೀನುದಾರನೆಂದು ಬಂದವನ ಕೈಯಲ್ಲಿ ಪಹಣಿ, ಇಲ್ಲವೆ ಮನೆ ಕಂದಾಯದ ರಸೀದಿ, ಆಧಾರ್ ಕಾರ್ಡು, ಫೋಟೊ. ಇಸ್ತ್ರಿ ಮಾಡಿದ ಅಂಗಿ. ಬಹುಶಃ ಕೋರ್ಟಿನ ಒಳಗೆ ಕಾಲಿಟ್ಟದ್ದೇ ಮೊದಲು, ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಬೆಂಚ್ ಕ್ಲಾರ್ಕಿನ ಮುಖ ನೋಡುತ್ತಾನೆ. ವಕೀಲರು ಕಣ್ಸನ್ನೆ ಮಾಡಿದಾಗ ಮುಂದೆ ಹೋಗುತ್ತಾನೆ. ಅವನು ಆಡುವುದು ಮೂರೇ ಮಾತು.

‘ಇವರು ನಿಮಗೆ ಹೇಗೆ ಗೊತ್ತು?’

‘ನಮ್ಮಕ್ಕನ ಮಗ ಸ್ವಾಮಿ.’

‘ಕರೆದಾಗ ಬರದೇ ಹೋದ್ರೆ ದುಡ್ಡು ನೀವು ಕಟ್ಟಬೇಕಾಗುತ್ತೆ. ಗೊತ್ತೇನು?’

‘ಗೊತ್ತು ಸ್ವಾಮಿ.’

‘ಬೇರೆ ಯಾರಿಗಾದರೂ ಶ್ಯೂರಿಟಿ ಹಾಕಿದೀರಾ?’

‘ಇಲ್ಲ ಸ್ವಾಮಿ.’

ಕೊನೆಯ ಪ್ರಶ್ನೆ ಸುಮ್ಮನೆ ಕೇಳುವುದಲ್ಲ. ಈ ಹಿಂದೆ ಎಷ್ಟು ಜನಕ್ಕೆ ಹೊಣೆ ನಿಂತಿದ್ದೀರಿ ಎಂಬುದನ್ನು ಘೋಷಿಸಬೇಕು ಎಂದು ದಂಡ ಪ್ರಕ್ರಿಯಾ ಸಂಹಿತೆಯ 2005ರ ತಿದ್ದುಪಡಿ ಕಡ್ಡಾಯ ಮಾಡಿತು. ಕಾರಣ, ಕೋರ್ಟಿನ ಕಾಂಪೌಂಡಿನ ಹೊರಗೆ ಬಾಡಿಗೆ ಜಾಮೀನುದಾರರೂ ಸಿಗುತ್ತಾರೆ. ಆರೋಪಿಯ ಮುಖವನ್ನೇ ನೋಡಿರದವರು ಅವನನ್ನು ಹುಟ್ಟಿದಂದಿನಿಂದ ಬಲ್ಲೆ ಎನ್ನುತ್ತಾರೆ. ನಕಲಿ ಪಹಣಿ, ನಕಲಿ ಆಧಾರ್ ಹಿಡಿದು ಸಿಕ್ಕಿಬಿದ್ದ ಸುದ್ದಿಯೂ ಇದೇ ಬೆಳಗಿನ ಪತ್ರಿಕೆಯಲ್ಲಿ ಆಗಾಗ ಬರುತ್ತದೆ. ಮೋಸ ಹೌದು. ಆದರೆ ಇದಕ್ಕೆ ಬೆಲೆ ಕಟ್ಟಿಕೊಟ್ಟವರು ಯಾರು ಎಂದೂ ಕೇಳಬೇಕಲ್ಲ. ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ರಾಯಚೂರಿನಿಂದಲೋ ಬಿಹಾರದಿಂದಲೋ ಬಂದವನಿಗೆ ಇಲ್ಲಿನ ಪಹಣಿ ಇರುವ ಅಕ್ಕನ ಮಗನಾಗಲಿ ಮಾವನಾಗಲಿ ಇರುವುದಿಲ್ಲ. ಕೇಳುವುದೆಲ್ಲ ಕಾಗದವಾದಾಗ ಕಾಗದ ಮಾರುವವರು ಹುಟ್ಟುತ್ತಾರೆ. ಮೋತಿರಾಮನ ತೀರ್ಪಿನ ನಲವತ್ತೈದು ವರ್ಷದ ನಂತರ, 2023ರ ಜನವರಿಯಲ್ಲಿ, ಜಾಮೀನು ಸಿಕ್ಕಿಯೂ ಜೈಲಿನಲ್ಲೇ ಉಳಿದವರಿಗಾಗಿ ಸುಪ್ರೀಂ ಕೋರ್ಟು ಮತ್ತೆ ನಿರ್ದೇಶನಗಳನ್ನು ಕೊಡಬೇಕಾಯಿತು. ಏಳು ದಿನದೊಳಗೆ ಬಿಡುಗಡೆಯಾಗದಿದ್ದರೆ ಜೈಲಿನ ಅಧಿಕಾರಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು ಎಂದಿತು. ಸ್ಥಳೀಯ ಶ್ಯೂರಿಟಿಯೇ ಬೇಕೆಂಬ ಹಟವೂ ಬಿಡುಗಡೆಗೆ ಅಡ್ಡಿಯಾಗುತ್ತಿದೆ, ಅಂಥ ಷರತ್ತು ಹಾಕಬೇಡಿ ಎಂದೂ ಹೇಳಿತು.

ಬೇರೆ ಊರಿನ ಬಡವನ ಮಾತಾಯಿತು. ಊರಲ್ಲೇ ಇದ್ದು, ನೆಂಟರಿಷ್ಟರ ನಡುವೆಯೇ ಇದ್ದು, ಆದರೂ ಜನವಿಲ್ಲದವರೂ ಇದ್ದಾರೆ. 2024ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಇನ್ನೊಂದು ಪ್ರಕರಣದ ತೀರ್ಪು ಕೊಟ್ಟಿತು. ಒಬ್ಬನ ಮೇಲೆ ಬೇರೆ ಬೇರೆ ರಾಜ್ಯಗಳಲ್ಲಿ ಹದಿಮೂರು ಕೇಸು, ಹದಿಮೂರರಲ್ಲೂ ಜಾಮೀನು ಸಿಕ್ಕಿದೆ. ಪ್ರತಿಯೊಂದಕ್ಕೂ ಬೇರೆ ಬೇರೆ ಹೊಣೆಗಾರರನ್ನು ಎಲ್ಲಿಂದ ತರುವುದು? ಒಂದೇ ಜೋಡಿ ಹೊಣೆಗಾರರು ಹಲವು ಕೇಸಿಗೆ ಆಗಬಹುದೆಂದು ಕೋರ್ಟು ದಾರಿ ಮಾಡಿಕೊಟ್ಟಿತು. ನ್ಯಾಯಮೂರ್ತಿ ಕೆ.ವಿ. ವಿಶ್ವನಾಥನ್ ಅವರು ಬರೆದ ಆ ತೀರ್ಪಿನಲ್ಲಿ ಒಂದು ಮಾತಿದೆ. ಹೊಣೆ ನಿಲ್ಲುವವರು ಸಾಮಾನ್ಯವಾಗಿ ಹತ್ತಿರದ ನೆಂಟರು ಅಥವಾ ಬಹುಕಾಲದ ಸ್ನೇಹಿತರು. ಕ್ರಿಮಿನಲ್ ಕೇಸೆಂದ ಮೇಲೆ ಮರ್ಯಾದೆಗೆ ಅಂಜಿ ಮನುಷ್ಯ ಅವರಿಗೂ ಹೇಳಿಕೊಳ್ಳುವುದಿಲ್ಲ, ಹಾಗಾಗಿ ಆ ವಲಯ ಇನ್ನೂ ಕಿರಿದಾಗುತ್ತದೆ ಎಂಬ ಅರ್ಥದ ಮಾತು.

ಕಾನೂನಿನ ತೀರ್ಪಿನಲ್ಲಿ ಇಷ್ಟು ಮನೆಮಾತಿನ ಸತ್ಯ ಅಪರೂಪ. ನಮ್ಮ ಫೋನಿನಲ್ಲಿ ಸಾವಿರ ನಂಬರುಗಳಿರಬಹುದು. ಮದುವೆಗೆ ಎಂಟುನೂರು ಜನ ಊಟ ಮಾಡಿ ಹೋಗಿರಬಹುದು. ಪಹಣಿ ಹಿಡಿದು ಬೆಳಿಗ್ಗೆ ಹತ್ತೂವರೆಗೆ ಕೋರ್ಟಿಗೆ ಬಂದು ಸಂಜೆಯವರೆಗೆ ಕಾಯುವವರು ಯಾರೆಂದು ಎಣಿಸಲು ಕೂತರೆ ಎಣಿಕೆ ಬೇಗ ಮುಗಿಯುತ್ತದೆ. ಅದಕ್ಕಿಂತ ಕಷ್ಟದ ಲೆಕ್ಕ ಇನ್ನೊಂದು. ನಾನು ಯಾರಿಗೆ ಹಾಗೆ ಹೋಗಿ ನಿಲ್ಲುತ್ತೇನೆ? ‘ಸಾಲಕ್ಕೆ ಬೇಕಾದ್ರೆ ದುಡ್ಡು ಕೊಡು, ಜಾಮೀನಿಗೆ ಮಾತ್ರ ಸಹಿ ಹಾಕಬೇಡ’ ಎಂದು ಬುದ್ಧಿ ಹೇಳುವ ಹಿರಿಯರು ಎಲ್ಲ ಮನೆಯಲ್ಲೂ ಇದ್ದರು. ಸುಟ್ಟುಕೊಂಡವರ ಮಾತು ಅದು, ತಳ್ಳಿಹಾಕುವಂತಿಲ್ಲ. ಆದರೆ ಇದೇ ನಾಡಿನಲ್ಲಿ, ಗದಗಿನ ಹತ್ತಿರದ ಕಣಗಿನಹಾಳದಲ್ಲಿ, 1905ರಲ್ಲಿ ಸಿದ್ದನಗೌಡ ಪಾಟೀಲರು ರೈತರನ್ನು ಸೇರಿಸಿ ಸಹಕಾರಿ ಸಂಘ ಕಟ್ಟಿದ್ದರು. ಆಗಿನ ಕಾಯಿದೆಯಂತೆ ಹಳ್ಳಿಯ ಸಂಘಗಳ ಬಾಧ್ಯತೆಗೆ ಮಿತಿಯಿರಲಿಲ್ಲ. ಸಂಘ ಮುಳುಗಿದರೆ ಸದಸ್ಯನ ಷೇರಿನ ಜೊತೆಗೆ ಅವನ ಸ್ವಂತ ಆಸ್ತಿಯೂ ಉತ್ತರ ಹೇಳಬೇಕಿತ್ತು. ಎಲ್ಲರೂ ಎಲ್ಲರಿಗೂ ಜಾಮೀನು. ಮನೆಯ ಹಿರಿಯರು ಬೇಡವೆಂದದ್ದಕ್ಕೆ ಒಂದು ಊರಿನ ರೈತರು ಒಟ್ಟಾಗಿ ಸಹಿ ಹಾಕಿದ್ದರು.

ಹೊಣೆ ನಿಂತವನು ನಡುವೆ ಸೋತರೆ ಬಿಟ್ಟುಬರುವ ದಾರಿಯನ್ನೂ ಕಾನೂನು ಇಟ್ಟಿದೆ. ಯಾವಾಗ ಬೇಕಾದರೂ ಕೋರ್ಟಿಗೆ ಅರ್ಜಿ ಕೊಟ್ಟು ಇನ್ನು ನನ್ನಿಂದಾಗದು ಎನ್ನಬಹುದು. ಆಗ ಆರೋಪಿಗೆ ವಾರಂಟು ಹೊರಡುತ್ತದೆ, ಅವನು ಬೇರೆ ಜಾಮೀನುದಾರನನ್ನು ತರಬೇಕು, ತರಲಾಗದಿದ್ದರೆ ಒಳಗೆ ಹೋಗಬೇಕು. ಬಿಟ್ಟುಬರದೆ ಉಳಿದವನು, ಆರೋಪಿ ನಾಪತ್ತೆಯಾದರೆ, ಬಾಂಡಿನ ಹಣ ಕಟ್ಟಬೇಕು. ಕಟ್ಟಲಾಗದೆ, ವಸೂಲಿಯೂ ಆಗದೆ ಹೋದರೆ ಆರು ತಿಂಗಳವರೆಗೆ ಸಿವಿಲ್ ಜೈಲಿನಲ್ಲಿರಬೇಕಾದೀತು. ತಾನು ಮಾಡದ ತಪ್ಪಿಗೆ, ಇನ್ನೊಬ್ಬನು ಮಾಡಿದನೋ ಇಲ್ಲವೋ ಇನ್ನೂ ತೀರ್ಮಾನವಾಗದ ತಪ್ಪಿಗೆ. ಇಷ್ಟೆಲ್ಲ ಗೊತ್ತಿದ್ದೂ ಪ್ರತಿ ವಾಯಿದೆಯ ಹಿಂದಿನ ರಾತ್ರಿ ಅಕ್ಕನ ಮಗನಿಗೆ ಫೋನು ಮಾಡಿ ‘ನಾಳೆ ಕೋರ್ಟಿದೆ, ಮರೀಬೇಡ’ ಎಂದು ಹೇಳುವ ಮಾವಂದಿರು ನಾಡಿನ ತುಂಬ ಇದ್ದಾರೆ.

ಕೇಸು ಖುಲಾಸೆಯಾದ ದಿನ ಆರೋಪಿಯ ಮನೆಯಲ್ಲಿ ಸಿಹಿ ಹಂಚುತ್ತಾರೆ. ಮಾವನಿಗೆ ಇನ್ನೂ ಒಂದು ಕೆಲಸ ಬಾಕಿ. ಅವನ ಜಮೀನಿನ ಪಹಣಿಯಲ್ಲಿ ಈ ಜಾಮೀನು ದಾಖಲಾಗಿದ್ದರೆ ಅದು ತಾನಾಗಿ ಅಳಿಸಿಹೋಗುವುದಿಲ್ಲ. ಕೋರ್ಟಿಗೆ ಮತ್ತೊಂದು ಅರ್ಜಿ ಕೊಡಬೇಕು, ಅಲ್ಲಿಂದ ತಹಶೀಲ್ದಾರರಿಗೆ ಪತ್ರ ಹೋಗಬೇಕು. ಅದಕ್ಕೂ ಒಂದೆರಡು ಸಲ ಬಸ್ಸು ಹತ್ತುತ್ತಾನೆ. ಆ ದಿನ ಅವನ ಜೊತೆ ವಕೀಲರು ಇರುವುದಿಲ್ಲ.